15 ವರ್ಷದ ಝಡ್ ಪ್ರೋಗ್ರಾಮ್ ರಾಶಿ, ಎಟಿಸಿ ಓಡಿಸಿದ್ರ 38 ಸಾವಿರ ಫೈಂಡಿಂಗ್, ಎಲ್ಲಿಂದ ಸುರು ಮಾಡ್ಲಿ?

ಚಾಕಣ್_ಬೆಳಗಾವಿ

ನಮಸ್ಕಾರ ಎಲ್ಲಾರಿಗೂ. ನಾ ಬೆಳಗಾವಿ ಕಡೆಯಾಂವ, ಪುಣೆಗೆ ಬಂದು ಹನ್ನೊಂದು ವರ್ಷ ಆತು, ಚಾಕಣ್‌ದಾಗ ಒಂದು ಆಟೋ ಪಾರ್ಟ್ಸ್ ಫ್ಯಾಕ್ಟರಿದಾಗ ಐಟಿ ನೋಡ್ಕೋತೀನಿ. ನಮ್ಮಲ್ಲಿ ಎಸ್‌ಎಪಿ ಇಸಿಸಿ ಐತಿ (ಆರ್ಡರ್, ಸ್ಟಾಕ್, ಲೆಕ್ಕ ಎಲ್ಲಾ ನಡಸೋ ಎಸ್‌ಎಪಿ ಕಂಪನಿಯ ಸಾಫ್ಟ್‌ವೇರ್), 2009ರಾಗ ಹಾಕಿದ್ದು, ಆವಾಗಿಂದ ಬಂದ ಬಂದ ಕನ್ಸಲ್ಟಂಟ್‌ಗಳೆಲ್ಲಾ ಒಂದೊಂದು ಝಡ್ ರಿಪೋರ್ಟು, ಝಡ್ ಟೇಬಲ್ಲು, ಯೂಸರ್ ಎಕ್ಸಿಟ್ಟು (ಝಡ್ ಅಂದ್ರ ಕಂಪನಿ ತನಗಂತ ಬರೆಸಿಕೊಂಡ ಕೋಡ್, ಯೂಸರ್ ಎಕ್ಸಿಟ್ ಅಂದ್ರ ಎಸ್‌ಎಪಿ ಕೋಡಿನ ನಡುವ ನಮ್ಮ ಕೋಡ್ ಸೇರಸೋ ಜಾಗ) ಬರದು ಹೋಗ್ಯಾರ, ಈಗ ಎಣಿಸಿದ್ರ ಎರಡು ಸಾವಿರದ ಮ್ಯಾಲೆ ಅದಾವ. ಯಾವುದಕ್ಕೂ ಸರಿಯಾದ ಡಾಕ್ಯುಮೆಂಟ್ ಇಲ್ಲ.

ಹೋದ ತಿಂಗಳು ಎರಡು ಘಟನಾ ಆದವು. ತಿಂಗಳ ಕಡೀ ದಿನ ರಾತ್ರಿ ಡಿಸ್ಪ್ಯಾಚ್ ಪ್ರೋಗ್ರಾಮ್ ಸಿಸ್ಟಮ್ಮನ್ನ ಪೂರ್ತಿ ಹಿಡಕೊಂಡು ಕುಂತುಬಿಡ್ತು. ಇನ್‌ವಾಯ್ಸ್ ಬರವಲ್ದು, ಇನ್‌ವಾಯ್ಸ್ ಇಲ್ಲಂದ್ರ ಈ-ವೇ ಬಿಲ್ ಇಲ್ಲ, ಗೇಟಿನ ಮುಂದ ಹದಿನಾರು ಲಾರಿ ಬೆಳಗಿನ ಮೂರರ ತನಕ ನಿಂತಿದ್ವು, ಡ್ರೈವರ್‌ಗಳು ಬಂದು ಬಂದು ನನ್ನ ಮಾರಿ ನೋಡೋರು. ಆಮ್ಯಾಲೆ ಕೋಡ್ ತಗದು ನೋಡಿದ್ರ ಒಂದ ಸಾಲು, ಫಾರ್ ಆಲ್ ಎಂಟ್ರೀಸ್ (ಒಂದು ಪಟ್ಟಿದಾಗ ಇದ್ದ ಸಾಲಿಗೆ ಹೊಂದೋ ಡೇಟಾ ತಾ ಅನ್ನೋದು) ಹಾಕಿ ಡೇಟಾಬೇಸಿಂದ ಸೆಲೆಕ್ಟ್ ಮಾಡ್ಯಾರ, ಆದ್ರ ಅದರ ಮುಂದ ಇಂಟರ್ನಲ್ ಟೇಬಲ್, ಅಂದ್ರ ಆ ಪಟ್ಟಿ, ಖಾಲಿ ಐತೇನು ಅಂತ ಚೆಕ್ ಇಲ್ಲ. ಹೊಸಾ ಪ್ಲಾಂಟ್ ಕೋಡಿಗೆ ಅವತ್ತು ಒಂದೂ ಪೆಂಡಿಂಗ್ ಆರ್ಡರ್ ಇರ್ಲಿಲ್ಲ, ಟೇಬಲ್ ಖಾಲಿ ಹೋತು, ಖಾಲಿ ಹೋದ್ರ ಅದು ವ್ಹೇರ್ ಕಂಡೀಶನ್ (ಯಾವ ಸಾಲು ಬೇಕು ಅನ್ನೋ ಷರತ್ತು) ಎಲ್ಲಾ ಬಿಟ್ಟು 2009ರಿಂದ ಇರೋ ಅಷ್ಟೂ ಸಾಲು ಎತ್ಕೊಂಡು ಬರ್ತೈತಿ.

ಎರಡನೇದ್ದು ಇನ್ನೂ ಕೆಟ್ಟದ್ದು. ಆಡಿಟ್ ಮಾಡೋರು ರೇಟ್ ಬದಲಿ ಮಾಡೋ ಪ್ರೋಗ್ರಾಮಿನಾಗ "ಇಫ್ ಎಸ್‌ವೈ-ಯುನೇಮ್" ಅಂತ ಒಂದು ಸಾಲು ಹಿಡದ್ರು, ಅಂದ್ರ ಲಾಗಿನ್ ಆದವರ ಯೂಸರ್ ಐಡಿ ನೋಡೋ ಸಾಲು. ಒಂದು ಯೂಸರ್ ಐಡಿ ಬಂದ್ರ ಎಲ್ಲಾ ಅಪ್ರೂವಲ್ ದಾಟಿಸಿ ಸೀದಾ ಸೇವ್. ಆ ಐಡಿ ಆರು ವರ್ಷದ ಹಿಂದ ಬಿಟ್ಟುಹೋದ ಕನ್ಸಲ್ಟಂಟಂದು. ಐಡಿ ಇನ್ನೂ ಜೀವಂತ ಐತಿ, ಲಾಕ್ ಸುದ್ದಾ ಆಗಿಲ್ಲ.

ಈಗ ಎಟಿಸಿ (ಕೋಡಿನ ತಪ್ಪು ಹುಡುಕೋ ಎಸ್‌ಎಪಿಯ ಟೂಲ್) ಓಡಿಸಿದೆ, 38 ಸಾವಿರ ಫೈಂಡಿಂಗ್, ಅಂದ್ರ ಅದು ಎತ್ತಿ ತೋರಿಸಿದ ತಪ್ಪು. ಎಸ್‌ಎಪಿಯ ಹೊಸಾ ಆವೃತ್ತಿ ಎಸ್ ಫೋರ್ ಹಾನಾಕ್ಕೂ ಹೋಗಬೇಕು, ಇಸಿಸಿಗೆ ಮಾಮೂಲಿ ಸಪೋರ್ಟ್ 2027ಕ್ಕ ಮುಗೀತೈತಿ. ಒಂದು ವೆಂಡರ್ ಬಂದು "ಮೂರು ತಿಂಗಳದಾಗ ಎಟಿಸಿ ಝೀರೋ ಮಾಡಿ ಕೊಡ್ತೇವಿ" ಅಂತಾನ, ಸಾಹೇಬ್ರಿಗೆ ಆ ಮಾತು ಭಾಳ ಹಿಡಿಸೈತಿ. ನನಗ ಯಾಕೋ ಧೈರ್ಯ ಬರವಲ್ದು. ಇಂಥಾದು ಮಾಡಿದವರು ಇದ್ರ ದಯವಿಟ್ಟು ಹೇಳ್ರಿ.

ಹಿಂಜವಡಿ_ಮೈಸೂರು

ಸರ್, ಆ ಝೀರೋ ಮಾತಿಗೆ ಸೈನ್ ಹಾಕೋಕ್ ಮುಂಚೆ ಒಂದು ವಿಷಯ ತಿಳ್ಕೊಳಿ. ಎಟಿಸಿ ಫೈಂಡಿಂಗ್ ಹೋಗ್ಬೇಕು ಅಂದ್ರೆ ಕೋಡ್ ಸರಿ ಮಾಡ್ಬೋದು, ಇಲ್ಲಾ ಆ ಸಾಲಿನ ಪಕ್ಕ ಒಂದು ಸ್ಯೂಡೋ ಕಾಮೆಂಟೋ ಪ್ರಾಗ್ಮಾನೋ (ಈ ಸಾಲನ್ನ ಬಿಟ್ಬಿಡು ಅಂತ ಟೂಲಿಗೆ ಹೇಳೋ ಗುರುತು) ಹಾಕಿ ಬಾಯಿ ಮುಚ್ಚಿಸ್ಬೋದು. ರಿಪೋರ್ಟ್ ನೋಡೋರಿಗೆ ಎರಡೂ ಒಂದೇ ಥರ ಕಾಣುತ್ತೆ. ನಮ್ಮ ಹಿಂದಿನ ಪ್ರಾಜೆಕ್ಟಲ್ಲಿ ಹಿಂಗೇ ಆಗಿತ್ತು, ಕ್ಲೀನ್ ಅಂತ ಕೊಟ್ಟ ಕೋಡಲ್ಲಿ ನಾನು ಸರ್ಚ್ ಮಾಡಿದ್ರೆ ಅರ್ಧಕ್ಕರ್ಧ ಬರೀ ಕಾಮೆಂಟು. ಕಾಂಟ್ರಾಕ್ಟಲ್ಲಿ ಬರೆಸ್ಬೇಕಾಗಿರೋದು ಏನಪ್ಪಾ ಅಂದ್ರೆ, ಪ್ರತಿ ಎಕ್ಸೆಂಪ್ಷನ್‌ಗೂ ಕಾರಣ ಇರ್ಬೇಕು, ಅದನ್ನ ಅಪ್ರೂವ್ ಮಾಡೋರು ನಿಮ್ಮ ಕಡೆಯವರೇ ಆಗಿರ್ಬೇಕು, ಬರೆದವನೇ ಅಪ್ರೂವ್ ಮಾಡೋ ಹಾಗಿಲ್ಲ.

ಇನ್ನು ಎಲ್ಲಿಂದ ಶುರು ಅಂದ್ರೆ, ರಿಪೇರಿ ಇಂದ ಅಲ್ಲ, ಅಳಿಸೋದ್ರಿಂದ. ಪ್ರೊಡಕ್ಷನ್ನಲ್ಲಿ (ದಿನದ ಕೆಲಸ ನಡೆಯೋ ಸಿಸ್ಟಮ್ಮಲ್ಲಿ) ಎಸ್‌ಸಿಮಾನ್ ಆನ್ ಮಾಡಿಡಿ, ಯಾವ ಪ್ರೋಗ್ರಾಮ್ ನಿಜವಾಗ್ಲೂ ಓಡ್ತಿದೆ ಅಂತ ಅದು ಲೆಕ್ಕ ಇಡುತ್ತೆ. ಮೂರು ತಿಂಗಳ ಡೇಟಾ ನೋಡಿ ತೀರ್ಮಾನ ಮಾಡ್ಬೇಡಿ ದಯವಿಟ್ಟು, ಮಾರ್ಚ್ ಎಂಡಲ್ಲಿ ಮಾತ್ರ ಓಡೋವು ಇರ್ತವೆ, ಕಡಿಮೆ ಅಂದ್ರೂ ಒಂದು ಪೂರ್ತಿ ವರ್ಷ ಬೇಕು. ನಾನು ಕಂಡ ಕಡೆಯೆಲ್ಲ ಓಡದೆ ಬಿದ್ದಿರೋ ಕೋಡೇ ದೊಡ್ಡ ಪಾಲು. ಅದನ್ನ ಎಬ್ಯಾಪ್‌ಗಿಟ್ಟಲ್ಲಿ (ಎಸ್‌ಎಪಿ ಕೋಡನ್ನ ಹೊರಗೆ ಕಾಪಿ ಮಾಡಿಡೋ ಟೂಲ್) ಎತ್ತಿಟ್ಟು ಸಿಸ್ಟಮ್ಮಿಂದ ತೆಗೀರಿ, ಅದರ ಫೈಂಡಿಂಗ್‌ಗಳು ಅದರ ಜೊತೆಗೇ ಹೋಗ್ತವೆ.

ಸತ್ತ ಕೋಡ್ ಇದ್ರೆ ಏನಾಗುತ್ತೆ ಬಿಡಿ ಅನ್ನೋರಿಗೆ ನಾನು ಯಾವಾಗ್ಲೂ ನೈಟ್ ಕ್ಯಾಪಿಟಲ್ ಕಥೆ ಹೇಳ್ತೀನಿ. 2012ರ ಆಗಸ್ಟ್ 1, ಅಮೆರಿಕದ ಶೇರು ಟ್ರೇಡಿಂಗ್ ಕಂಪನಿ, ಎಂಟು ಸರ್ವರಲ್ಲಿ ಏಳಕ್ಕೆ ಹೊಸ ಕೋಡ್ ಹಾಕಿದ್ರು, ಒಂದಕ್ಕೆ ಮರ್ತೋದ್ರು. ಆ ಒಂದರಲ್ಲಿ ವರ್ಷಗಟ್ಲೆ ಬಳಸದೆ ಬಿಟ್ಟಿದ್ದ ಹಳೇ ಕೋಡ್ ಹಂಗೇ ಕೂತಿತ್ತು, ಅದರ ಫ್ಲ್ಯಾಗನ್ನೇ (ಆನ್-ಆಫ್ ಗುರುತು) ಹೊಸ ಕೆಲಸಕ್ಕೆ ಮರುಬಳಕೆ ಮಾಡಿದ್ರು, ಬೆಳಿಗ್ಗೆ ಮಾರ್ಕೆಟ್ ಓಪನ್ ಆಗ್ತಿದ್ದ ಹಾಗೆ ಹಳೇದು ಎದ್ದು ಕೂತು ಆರ್ಡರ್ ಮೇಲೆ ಆರ್ಡರ್ ಹಾಕ್ತು, 45 ನಿಮಿಷದಲ್ಲಿ 40 ಕೋಟಿ ಡಾಲರಿಗೂ ಹೆಚ್ಚು ಹೋಯ್ತು. ಕಂಪನಿ ಆಮೇಲೆ ಬೇರೆಯವರ ಕೈ ಸೇರ್ತು.

ಎರಡನೇದು ಗೇಟ್. ಹಳೇ 38 ಸಾವಿರವನ್ನ ಬೇಸ್‌ಲೈನ್ ಅಂತ ಪಕ್ಕಕ್ಕಿಟ್ಟು, ಇವತ್ತಿಂದ ಬರೆಯೋ ಕೋಡಲ್ಲಿ ಪ್ರಯಾರಿಟಿ 1, 2 (ಗಂಭೀರವಾದ) ಫೈಂಡಿಂಗ್ ಇದ್ರೆ ಟ್ರಾನ್ಸ್‌ಪೋರ್ಟ್ (ಬದಲಾದ ಕೋಡನ್ನ ಮುಂದಿನ ಸಿಸ್ಟಮ್ಮಿಗೆ ಸಾಗಿಸೋ ಕಟ್ಟು) ರಿಲೀಸೇ ಆಗದ ಹಾಗೆ ಸೆಟ್ ಮಾಡಿ. ಎಟಿಸಿಯಲ್ಲೇ ಆಗುತ್ತೆ, ದುಡ್ಡು ಖರ್ಚಿಲ್ಲ. ಟ್ಯಾಂಕಿಗೆ ನೀರು ಬರೋದು ನಿಲ್ಲಿಸದೆ ಕೆಳಗೆ ಒರೆಸ್ತಾ ಕೂತ್ರೆ ಮುಗಿಯಲ್ಲ.

ಹಾನಾಗೆ ಹೋಗೋದ್ರಿಂದ ಇನ್ನೊಂದನ್ನ ಮಾತ್ರ ಬಿಡ್ಬೇಡಿ. ಆರ್ಡರ್ ಬೈ (ಸಾಲುಗಳನ್ನ ಕ್ರಮವಾಗಿ ಕೊಡು ಅನ್ನೋದು) ಇಲ್ಲದ ಸೆಲೆಕ್ಟು, ಅದರ ಕೆಳಗೆ ಬೈನರಿ ಸರ್ಚ್ (ಸಾಲುಗಳು ಕ್ರಮವಾಗಿದ್ರೆ ಮಾತ್ರ ಸರಿ ಹುಡುಕೋ ವಿಧಾನ) ಹಾಕಿ ರೀಡ್ ಟೇಬಲ್. ಹಳೇ ಡೇಟಾಬೇಸಲ್ಲಿ ಸಾಲುಗಳು ಹೆಂಗೋ ಕೀ ಪ್ರಕಾರ ಬರ್ತಿದ್ವು, ಯಾರೂ ಸಾರ್ಟ್ ಹಾಕ್ಲಿಲ್ಲ. ಹಾನಾದಲ್ಲಿ ಆ ಗ್ಯಾರಂಟಿ ಇಲ್ಲ. ಡಂಪ್ (ಪ್ರೋಗ್ರಾಮ್ ಕುಸಿದ ವರದಿ) ಬರಲ್ಲ ಎರರ್ ಬರಲ್ಲ, ಸ್ಟಾಕ್ ರಿಪೋರ್ಟಲ್ಲಿ ನಾಲ್ಕು ಐಟಂ ಸುಮ್ನೆ ಕಾಣೆಯಾಗಿರುತ್ತೆ. ನನಗೆ ಇದು ಹ್ಯಾಂಗ್ ಆಗೋದಕ್ಕಿಂತ ಭಯ.

ವೆರ್ನಾ_ಕುಮಟಾ

ನಾನು ಗೋವಾದಲ್ಲಿ ವೆರ್ನಾ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಔಷಧ ಕಂಪನಿಯಲ್ಲಿದ್ದೇನೆ. ಮೇಲಿನವರು ಹೇಳಿದ್ದೆಲ್ಲ ಸರಿ, ಆದ್ರೆ ಟೂಲು ಕಾಣದ್ದು ಒಂದಿದೆ, ಆಥರೈಸೇಶನ್, ಅಂದ್ರೆ ಯಾರಿಗೆ ಏನು ಮಾಡುವ ಅನುಮತಿ ಇದೆ ಅನ್ನೋದು.

ಒಂದು ಪ್ರೋಗ್ರಾಮಲ್ಲಿ ಅಥಾರಿಟಿ-ಚೆಕ್ (ಅನುಮತಿ ಇದೆಯಾ ಅಂತ ಕೇಳುವ) ಸಾಲು ಇದೆಯೋ ಇಲ್ಲವೋ ಅಂತ ಟೂಲ್ ಹೇಳ್ತದೆ. ಚೆಕ್ ಮಾಡಿ ಕೆಳಗೆ ಎಸ್‌ವೈ-ಸಬ್‌ಆರ್‌ಸಿ (ಆ ಚೆಕ್ಕಿನ ಉತ್ತರ, 0 ಅಂದ್ರೆ ಪಾಸ್) ನೋಡದೇ ಮುಂದೆ ಹೋಗಿದ್ರೆ ಅದನ್ನೂ ಹಿಡೀತದೆ, ಇದು ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ ಸಿಗ್ತದೆ, ವಾಚ್‌ಮನ್ ಹೆಸರು ಕೇಳ್ತಾನೆ, ಉತ್ತರ ಕೇಳದೇ ಒಳಗೆ ಬಿಡ್ತಾನೆ, ಹಾಗೆ. ಆದ್ರೆ ಸ್ಟೋರ್ಸಿನವನು ಬೇರೆ ಪ್ಲಾಂಟಿನ ಸ್ಟಾಕ್ ನೋಡಬಹುದಾ ಅನ್ನೋದನ್ನ ಯಾವ ಟೂಲೂ ಹೇಳೋದಿಲ್ಲ. ಅದನ್ನ ಸ್ಟೋರ್ಸಿನ ಹೆಡ್ ಹತ್ರ ಕೂತು ಕೇಳಬೇಕು. ನಾವು ಒಂದೊಂದು ಡಿಪಾರ್ಟ್‌ಮೆಂಟಿಗೆ ಅರ್ಧ ದಿನ ಕೊಟ್ಟು ಕೂತೆವು, ಓಡ್ತಾ ಇದ್ದ ಪ್ರೋಗ್ರಾಮಿನ ಪಟ್ಟಿ ಇಟ್ಟುಕೊಂಡು, ಇದು ಯಾರಿಗೆ ಬೇಕು, ಯಾರು ನೋಡಬಾರದು ಅಂತ. ಕ್ವಾಲಿಟಿ ಡಿಪಾರ್ಟ್‌ಮೆಂಟಿನ ಮೇಡಂ ಒಬ್ರು ಒಂದು ರಿಪೋರ್ಟ್ ನೋಡಿ "ಇದನ್ನ ಇಡೀ ಫ್ಯಾಕ್ಟರಿ ತೆಗೀಬಹುದಾ" ಅಂತ ಕೇಳಿ ಸುಮ್ಮನಾಗಿಬಿಟ್ರು. ವರ್ಷಗಟ್ಟಲೆ ಎಲ್ಲರಿಗೂ ತೆರೆದೇ ಇತ್ತು ಅದು.

ಟೆಸ್ಟಿಂಗ್ ಬಗ್ಗೆ ನನಗೆ ಹೇಳಲೇಬೇಕಾದ್ದಿದೆ. ಡೆವಲಪರ್‌ಗಳ ಕೈಲಿ ಸ್ಯಾಪ್ ಆಲ್, ಅಂದ್ರೆ ಎಲ್ಲ ಅನುಮತಿಯೂ, ಇರ್ತದೆ, ಅದರಲ್ಲಿ ಟೆಸ್ಟ್ ಮಾಡಿದ್ರೆ ಎಲ್ಲ ಚೆಕ್ಕೂ ಪಾಸೇ. ಕ್ವಾಲಿಟಿ ಸಿಸ್ಟಮಲ್ಲಿ (ಟೆಸ್ಟಿಗೆ ಇಟ್ಟ ಸಿಸ್ಟಮ್) ನಿಜವಾದ ರೋಲ್ ಕೊಟ್ಟ ಒಂದು ಟೆಸ್ಟ್ ಐಡಿ ಮಾಡಿ, ಆಗಬೇಕಾದ್ದು ಆಗ್ತದಾ ಅಂತ ನೋಡುವಷ್ಟೇ ಗಟ್ಟಿಯಾಗಿ ಆಗಬಾರದ್ದು ಆಗದೇ ನಿಲ್ತದಾ ಅಂತ ನೋಡಿ. ಆ ಎರಡನೇ ಥರದ ಟೆಸ್ಟಿನ ಸ್ಕ್ರೀನ್‌ಶಾಟ್ ಇಲ್ಲದೇ ನಾವು ಟ್ರಾನ್ಸ್‌ಪೋರ್ಟ್ ಮುಂದೆ ಬಿಡೋದಿಲ್ಲ. ನಮಗೆ ಅಮೆರಿಕದ ಔಷಧ ನಿಯಂತ್ರಕ ಸಂಸ್ಥೆ ಎಫ್‌ಡಿಎ 1997ರಲ್ಲಿ ಮಾಡಿದ 21 ಸಿಎಫ್‌ಆರ್ ಪಾರ್ಟ್ 11 ನಿಯಮ ಇದೆ, ಯಾರು ಯಾವಾಗ ಏನು ಬದಲಿಸಿದ್ರು ಅಂತ ಆಡಿಟ್ ಟ್ರೇಲ್ ಬೇಕೇ ಬೇಕು, ಹಾಗಾಗಿ ಈ ಶಿಸ್ತು ಬಂತು. ನಿಮಗೆ ಆ ನಿಯಮ ಇಲ್ಲದಿದ್ರೂ ಈ ಪದ್ಧತಿ ಇಟ್ಕೊಳ್ಳಿ.

ಮತ್ತೆ, ಪ್ರೊಡಕ್ಷನ್ನಲ್ಲಿ ಯಾರಿಗಾದ್ರೂ ಎಸ್_ಡೆವಲಪ್ ಆಬ್ಜೆಕ್ಟಿನಲ್ಲಿ ಡೀಬಗ್‌ಗೆ ಆಕ್ಟಿವಿಟಿ 02 (ಓಡ್ತಾ ಇರುವ ಪ್ರೋಗ್ರಾಮನ್ನ ನಿಲ್ಲಿಸಿ ಒಳಗಿನ ಡೇಟಾ ಬದಲಿಸುವ ಅನುಮತಿ) ಇದೆಯಾ ಈಗಲೇ ನೋಡಿ. ಅದಿದ್ರೆ ಡೀಬಗರಲ್ಲಿ ಸಬ್‌ಆರ್‌ಸಿ 4 ಬಂದದ್ದನ್ನ 0 ಮಾಡಿ ಯಾವ ಚೆಕ್ಕನ್ನಾದ್ರೂ ದಾಟಬಹುದು, ನೀವು ಕೋಡಲ್ಲಿ ಎಷ್ಟು ಬೀಗ ಹಾಕಿದ್ರೂ ವ್ಯರ್ಥ.

ಪೊವಾಯಿ_ಉಡುಪಿ

ನಾನು ಮುಂಬೈಯಲ್ಲಿ ಸೆಕ್ಯುರಿಟಿ ಟೆಸ್ಟಿಂಗ್ ಮಾಡುವುದು, ಎಸ್‌ಎಪಿ ಸಿಸ್ಟಮ್ ಸುಮಾರು ನೋಡಿದ್ದೇನೆ. ಅಣ್ಣ, ನಿಮ್ಮ ಎಟಿಸಿ ರಿಪೋರ್ಟಲ್ಲಿ ಸೆಕ್ಯುರಿಟಿ ಫೈಂಡಿಂಗ್ ಎಷ್ಟು ಉಂಟು ಅಂತ ಬೇರೆ ಮಾಡಿ ನೋಡಿದ್ದೀರಾ? ಆಳವಾಗಿ ಸೆಕ್ಯುರಿಟಿ ನೋಡುವ ಕೋಡ್ ವಲ್ನರಬಿಲಿಟಿ ಅನಲೈಸರ್‌ಗೆ ಬೇರೆ ಲೈಸೆನ್ಸ್ ಬೇಕು ಮಾರಾಯ್ರೆ, ಅದಿಲ್ಲದೆ ಓಡಿಸಿ "ಸೆಕ್ಯುರಿಟಿ ಕ್ಲೀನ್" ಅಂತ ಹೇಳುವವರನ್ನು ನಾನು ನೋಡಿದ್ದೇನೆ. ಲೈಸೆನ್ಸಿಗೆ ದುಡ್ಡು ಸಿಗದಿದ್ರೆ ಕೈಯಲ್ಲಿ ಹುಡುಕುವುದಕ್ಕೂ ದಾರಿ ಉಂಟು. ಎಲ್ಲ ಝಡ್ ಕೋಡಲ್ಲಿ ಎಸ್‌ವೈ-ಯುನೇಮ್ ಅಂತ ಸರ್ಚ್ ಕೊಡಿ, ನಿಮಗೆ ಒಂದು ಸಿಕ್ಕಿದೆ, ಒಂದೇ ಇರುವ ಸಂಭವ ಕಮ್ಮಿ. ಆಮೇಲೆ ವ್ಹೇರ್ ಕಂಡೀಶನ್ ಬ್ರಾಕೆಟಿನ ಒಳಗೆ ವೇರಿಯಬಲ್ ಆಗಿ ಬರುವ ಸೆಲೆಕ್ಟ್‌ಗಳು. ಸ್ಕ್ರೀನಲ್ಲಿ ಯೂಸರ್ ಟೈಪ್ ಮಾಡಿದ್ದನ್ನು ಹಾಗೇ ಅದಕ್ಕೆ ಜೋಡಿಸಿದ್ರೆ, ಒಂದು ಕೋಟ್ (') ಮತ್ತು ಒಂದು ಆರ್ (OR, ಅಥವಾ) ಹಾಕಿ ಎಲ್ಲರ ಸಂಬಳ ತೆಗೆಯಬಹುದು. ಸಾಧ್ಯವಾದ್ರೆ ಸಾದಾ ಸ್ಟ್ಯಾಟಿಕ್ ಕಂಡೀಶನ್‌ಗೆ ಬದಲಿಸಿ, ಆಗದಿದ್ದಲ್ಲಿ ಇನ್‌ಪುಟ್ಟನ್ನು ಕೋಟ್ ಮಾಡಿ ಕೊಡುವ ಕ್ಲಾಸ್ ಎಸ್‌ಎಪಿಯಲ್ಲೇ ಉಂಟು, ಅದನ್ನು ಬಳಸಿ.

ಎಲ್ಲಕ್ಕಿಂತ ಮೊದಲು ಆರ್‌ಎಫ್‌ಸಿ ಟಿಕ್ ಹಾಕಿದ ಝಡ್ ಫಂಕ್ಷನ್ ಮಾಡ್ಯೂಲ್‌ಗಳ ಪಟ್ಟಿ ತೆಗೆಯಿರಿ. ಅವನ್ನು ಹೊರಗಿನಿಂದ ಕರೆಯಬಹುದು, ಟಿ-ಕೋಡ್ (ಸ್ಕ್ರೀನ್ ತೆರೆಯುವ ಆಜ್ಞೆ) ಬೇಡ, ಸ್ಕ್ರೀನ್ ಬೇಡ. ಒಳಗೆ ಅಥಾರಿಟಿ-ಚೆಕ್ ಇಲ್ಲದಿದ್ರೆ ಎಸ್_ಆರ್‌ಎಫ್‌ಸಿ ಸ್ಟಾರ್ (ಯಾವುದನ್ನೂ ಹೊರಗಿನಿಂದ ಕರೆಯಬಹುದು ಅನ್ನುವ ಅನುಮತಿ) ಕೊಟ್ಟ ಯಾವ ಐಡಿಯಿಂದಲೂ ನಡೀತದೆ. ತೂಕದ ಯಂತ್ರ, ಬಾರ್‌ಕೋಡ್ ಸ್ಕ್ಯಾನರ್, ಸಪ್ಲೈಯರ್ ಪೋರ್ಟಲ್ ಇದ್ದ ಫ್ಯಾಕ್ಟರಿಗಳಲ್ಲಿ ಇಂಥದ್ದು ಬೇಕಾದಷ್ಟು ಇರ್ತದೆ.

ಆಮೇಲೆ ನಿಮ್ಮ ಕೋಡ್ ಒಂದೇ ಅಲ್ಲ, ಎಸ್‌ಎಪಿಯದ್ದೇ ಪ್ಯಾಚ್ ಕೂಡ. 2020ರ ಜುಲೈಯಲ್ಲಿ ರೀಕಾನ್ ಅಂತ ಒಂದು ದೋಷ ಬಂತು, ಎಸ್‌ಎಪಿಯ ನೆಟ್‌ವೀವರ್ ಜಾವಾದಲ್ಲಿ, ಲಾಗಿನ್ನೇ ಇಲ್ಲದೆ ಅಡ್ಮಿನ್ ಯೂಸರ್ ಮಾಡಬಹುದಿತ್ತು, ತೀವ್ರತೆ 10ಕ್ಕೆ 10. ಪ್ರತಿ ತಿಂಗಳ ಎರಡನೇ ಮಂಗಳವಾರ ಸೆಕ್ಯುರಿಟಿ ನೋಟ್ ಬರ್ತದೆ, ಆ ದಿನ ಯಾರು ಓದುವುದು ಅಂತ ಒಬ್ಬರ ಹೆಸರಿಗೆ ಹಾಕಿ. ಏನಾದ್ರೂ ಆದ್ರೆ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ಆದೇಶದ ಪ್ರಕಾರ 6 ಗಂಟೆಯೊಳಗೆ ತಿಳಿಸಬೇಕು, ಲಾಗ್ 180 ದಿನ ಇಟ್ಟಿರಬೇಕು. ನಿಮ್ಮ ಸೆಕ್ಯುರಿಟಿ ಆಡಿಟ್ ಲಾಗ್ ಆನ್ ಉಂಟಾ?

ಚಾಕಣ್_ಬೆಳಗಾವಿ

ಇಷ್ಟು ಸವಡು ಮಾಡ್ಕೊಂಡು ಬರದೀರಿ, ಎಲ್ಲಾರಿಗೂ ಮನಸ್ಸಿನಿಂದ ಥ್ಯಾಂಕ್ಸ್. ಆಡಿಟ್ ಲಾಗ್ ಆಫ್ ಇತ್ತು ಅಕ್ಕ, ಇವತ್ತು ಸಂಜಿ ಆನ್ ಮಾಡಿಸಿದೆ. ಎಸ್‌ವೈ-ಯುನೇಮ್ ಸರ್ಚ್ ಕೊಟ್ರ ಲಾಗ್ ಬರೆಯಾಕ ಬಳಸಿದ್ದು ಬಿಟ್ಟು ಇನ್ನೂ ಒಂಬತ್ತು ಕಡೆ ಹೆಸರು ಹಾಕಿ ಬರದಾರ, ಒಂದು ಪೇಮೆಂಟ್ ರನ್ ಪ್ರೋಗ್ರಾಮಿನಾಗ. ಆ ಪಟ್ಟಿ ಸಾಹೇಬ್ರ ಮುಂದ ಇಟ್ಟೆ, ಭಾಳ ಹೊತ್ತು ಏನೂ ಮಾತಾಡ್ಲಿಲ್ಲ, ಆಮ್ಯಾಲೆ ಝೀರೋ ಮಾತು ಬಿಟ್ಟು ಮೊದಲ ಎಸ್‌ಸಿಮಾನ್ ಹಾಕು ಅಂದ್ರು. ಆ ಕನ್ಸಲ್ಟಂಟ್ ಐಡಿನ ನಾಳೆ ಮುಂಜಾನೆನ ಲಾಕ್ ಮಾಡ್ತೀನಿ.

ಹಿಂಜವಡಿ_ಮೈಸೂರು

ಸರ್ ಒಂದ್ನಿಮಿಷ, ಲಾಕ್ ಮಾಡೋಕ್ ಮುಂಚೆ ಎಸ್‌ಎಂ37ರಲ್ಲಿ (ಹಿನ್ನೆಲೆ ಜಾಬ್ ಪಟ್ಟಿ ತೋರಿಸೋ ಸ್ಕ್ರೀನ್) ಆ ಐಡಿ ಮೇಲೆ ಬ್ಯಾಕ್‌ಗ್ರೌಂಡ್ ಜಾಬ್ ಏನಾದ್ರೂ ಓಡ್ತಿದ್ಯಾ ನೋಡಿ. ಸ್ಟೆಪ್ ಯೂಸರ್ (ಜಾಬ್ ಯಾರ ಹೆಸರಲ್ಲಿ ಓಡುತ್ತೋ ಆ ಐಡಿ) ಲಾಕ್ ಆದ್ರೆ ಜಾಬ್ ಶುರುವಾಗೋವಾಗ್ಲೇ ಕ್ಯಾನ್ಸಲ್ ಆಗುತ್ತೆ.

ಚಾಕಣ್_ಬೆಳಗಾವಿ

ಈಗ ನೋಡಿದೆ. ನಾಲ್ಕು ಜಾಬ್ ಅದಾವ, ಅದರಾಗ ಒಂದು ರಾತ್ರಿ 11ರ ಡಿಸ್ಪ್ಯಾಚ್ ಜಾಬ್. ಒಂದು ಸಿಸ್ಟಮ್ ಯೂಸರ್ ಮಾಡಿಸಿ, ಅದಕ್ಕ ಬೇಕಾದಷ್ಟ ರೋಲ್ ಕೊಟ್ಟು, ನಾಲ್ಕನ್ನೂ ಅದರ ಮ್ಯಾಲೆ ಹಾಕ್ತೀನಿ, ಎರಡು ರಾತ್ರಿ ಸರಿ ಓಡಿದ್ರ ಶನಿವಾರ ಲಾಕ್ ಮಾಡ್ತೀನಿ.