ಎಲೆಕ್ಟ್ರಿಕ್ ಕಾರಿನ ಗೇರ್ ಲಿವರ್ ಕೆಲಸ ಮಾಡುವುದು ಹೇಗೆ?

ಪ್ರಶ್ನೆ:
ಈಚೆಗೆ ನಾನು ಓಡಿಸಿದ ಎಲೆಕ್ಟ್ರಿಕ್ ಕಾರಿನಲ್ಲಿ ಲಿವರನ್ನು ಡಿ (ಡ್ರೈವ್, ಅಂದರೆ ಮುಂದಕ್ಕೆ) ಕಡೆಗೆ ತಳ್ಳಿ ಕೈಬಿಟ್ಟ ಕೂಡಲೇ ಅದು ಮತ್ತೆ ನಡುವಿನ ಸ್ಥಾನಕ್ಕೆ ಬಂದು ನಿಂತಿತು. ಗೇರು ಬಿದ್ದ ಅನುಭವವೇ ಆಗಲಿಲ್ಲ. ಹಾಗಾದರೆ ಕಾರು ಮುಂದಕ್ಕೆ ಹೋಗಬೇಕೋ ಹಿಂದಕ್ಕೋ ಎಂಬುದನ್ನು ನಿರ್ಧರಿಸುವುದು ಯಾವುದು? ತಿಳಿದವರು ದಯವಿಟ್ಟು ವಿವರಿಸಿ.

ಉತ್ತರ 1:
ಆ ಲಿವರ್ ವಾಸ್ತವದಲ್ಲಿ ಒಂದು ಸ್ವಿಚ್ಚು. ಹಲವು ವಿನ್ಯಾಸಗಳಲ್ಲಿ ಅದರ ಬುಡದಲ್ಲೊಂದು ಪುಟ್ಟ ಅಯಸ್ಕಾಂತವಿದ್ದು, ಅದು ಸರಿದಾಗ ಕಾಂತಕ್ಷೇತ್ರದಲ್ಲಾಗುವ ಬದಲಾವಣೆಯನ್ನು ಹಾಲ್ ಸೆನ್ಸರ್‌ಗಳು (ಕಾಂತಕ್ಷೇತ್ರವನ್ನು ಅಳೆಯುವ ಪುಟ್ಟ ಸಾಧನಗಳು) ಗುರುತಿಸುತ್ತವೆ. ಒಂದು ಸೆನ್ಸರ್ ಕೆಟ್ಟರೂ ತಪ್ಪು ಆದೇಶ ಹೋಗಬಾರದೆಂದು ಒಂದಕ್ಕಿಂತ ಹೆಚ್ಚು ಸೆನ್ಸರ್‌ಗಳನ್ನಿಟ್ಟು ಅವುಗಳ ಸಂಕೇತಗಳನ್ನು ತಾಳೆ ನೋಡಲಾಗುತ್ತದೆ. ಬ್ರೇಕ್ ಒತ್ತಿದೆಯೇ, ವೇಗವೆಷ್ಟು ಎಂಬುದನ್ನು ಪರಿಶೀಲಿಸಿದ ಬಳಿಕವೇ ನಿಯಂತ್ರಣ ಘಟಕವು ನಿಮ್ಮ ಕೋರಿಕೆಯನ್ನು ಒಪ್ಪುತ್ತದೆ. ವೇಗವಾಗಿ ಸಾಗುತ್ತಿರುವಾಗ ಆರ್ (ರಿವರ್ಸ್, ಅಂದರೆ ಹಿಂದಕ್ಕೆ) ಕೇಳಿದರೆ ಅದು ನಿರಾಕರಿಸುತ್ತದೆ. ನನ್ನ ದೃಷ್ಟಿಯಲ್ಲಿ ಈ ವ್ಯವಸ್ಥೆಯ ದೊಡ್ಡ ಗುಣ ಇದೇ.

ಉತ್ತರ 2:
ಮೇಲಿನ ಉತ್ತರಕ್ಕೆ ಒಂದು ಮಾತು ಸೇರಿಸುತ್ತೇನೆ. ಬಹುತೇಕ ಎಲೆಕ್ಟ್ರಿಕ್ ಕಾರುಗಳಲ್ಲಿರುವುದು ಒಂದೇ ಅನುಪಾತದ ಗೇರು. ರಿವರ್ಸ್‌ಗೆಂದು ಪ್ರತ್ಯೇಕ ಗೇರಿಲ್ಲ. ಮೋಟಾರಿಗೆ ಹೋಗುವ ಮೂರು ಫೇಸ್‌ಗಳ (ಒಂದರ ಹಿಂದೊಂದರಂತೆ ಏರಿಳಿಯುವ ಮೂರು ವಿದ್ಯುತ್ ಪ್ರವಾಹಗಳ) ಸರದಿಯನ್ನು, ಬ್ಯಾಟರಿಯ ಡಿಸಿ ವಿದ್ಯುತ್ತನ್ನು ಎಸಿಯಾಗಿಸುವ ಇನ್ವರ್ಟರ್ ಬದಲಿಸಿದರೆ ಅದೇ ಮೋಟಾರು ಹಿಮ್ಮುಖವಾಗಿ ತಿರುಗುತ್ತದೆ.

ಉತ್ತರ 3:
ಪಾರ್ಕ್ ಮಾತ್ರ ಬೇರೆ. ಅನೇಕ ಕಾರುಗಳಲ್ಲಿ ಪಿ ಒತ್ತಿದಾಗ ಪುಟ್ಟ ಮೋಟಾರೊಂದು ಉಕ್ಕಿನ ಕೊಕ್ಕೆಯನ್ನು ಹಲ್ಲುಚಕ್ರದ ಸಂದಿಗೆ ಇಳಿಸುತ್ತದೆ. ಕಿವಿಗೊಟ್ಟರೆ ‘ಟಕ್’ ಎಂಬ ಸದ್ದು ಕೇಳಿಸಬಹುದು. ಇದಕ್ಕೆ ವಿದ್ಯುತ್ ಸಾಮಾನ್ಯವಾಗಿ 12 ವೋಲ್ಟ್ ಬ್ಯಾಟರಿಯಿಂದ ಬರುವುದರಿಂದ, ಅದು ಪೂರ್ತಿ ಇಳಿದುಹೋದರೆ ಕಾರನ್ನು ಓಡಿಸುವ ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಪಾರ್ಕ್‌ನಲ್ಲೇ ಸಿಕ್ಕಿಕೊಳ್ಳಬಹುದು. ಅಂತಹ ಸಂದರ್ಭದಲ್ಲಿ ಕಾರನ್ನು ಬಲವಂತವಾಗಿ ಎಳೆಯದೆ ಕೈಪಿಡಿಯಲ್ಲಿರುವ ಕ್ರಮವನ್ನು ಅನುಸರಿಸಿ.