ಕ್ರ್ಯಾಂಕ್ ಬೋಲ್ಟ್ ಬಗ್ಗೆ ಕೇಳಿದ ತಂಗಿಗೆ

ತಂಗಿ, ನಿನ್ನ ಮಗ ಬೆಳಗ್ಗೆಯಿಂದ ಕಾರಿನಡಿ ಮಲಗಿದ್ದಾನೆ, ವಾಲ್ವ್‌ಗಳನ್ನೂ ಪಿಸ್ಟನ್ನುಗಳನ್ನೂ ಒಂದೇ ಲಯದಲ್ಲಿಡುವ ಟೈಮಿಂಗ್ ಬೆಲ್ಟ್ ಬದಲಿಸಲು ಹೊರಟವನಿಗೆ ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕ್ ಶಾಫ್ಟಿನ ತುದಿಯ ಪುಲ್ಲಿಯ ಬೋಲ್ಟ್ ಮಿಸುಕುತ್ತಿಲ್ಲ, ಸಾಕೆಟ್ಟಿನ ಹಿಡಿಯನ್ನು ನೆಲಕ್ಕೆ ಆನಿಸಿ ಒಮ್ಮೆ ಸೆಲ್ಫ್ ಹೊಡೆದರೆ ತಾನಾಗಿ ಸಡಿಲವಾಗುತ್ತದೆ ಎನ್ನುತ್ತಿದ್ದಾನೆ, ಬೋಲ್ಟ್ ಮುರಿದರೆ ಏನು ಗತಿ ಎಂದು ನೀನು ಕೇಳಿದ್ದನ್ನು ಈಗಷ್ಟೇ ಕೇಳಿಸಿಕೊಂಡೆ. ಹೆದರಬೇಡ. ಅದು ಅಷ್ಟು ಸುಲಭಕ್ಕೆ ಮುರಿಯುವ ಬೋಲ್ಟ್ ಅಲ್ಲ. ಅದು ಬಿಚ್ಚಿಕೊಳ್ಳುತ್ತಿಲ್ಲವೆಂಬ ಚಿಂತೆಯೂ ನನಗಿಲ್ಲ, ಏಕೆಂದರೆ ಇಂದಲ್ಲ ನಾಳೆ ಅದು ಬಂದೇ ಬರುತ್ತದೆ. ಬಂದ ಮೇಲೆ ಅವನು ಅದನ್ನು ಹೇಗೆ ಬಿಗಿಯುತ್ತಾನೆ ಎಂಬುದೇ ನನ್ನ ಚಿಂತೆ. ಬಿಚ್ಚಿದ ಸಂತೋಷದಲ್ಲಿ ಅಂದಾಜಿಗೆ ಬಿಗಿಯಬೇಡ ಎಂದು ಅವನಿಗೆ ಮೊದಲು ಹೇಳು.

ನಮ್ಮ ಆ ಬಿಳಿಯ ಕಾರಿನ ಕಥೆ ಈ ಗುಂಪಿನಲ್ಲಿ ಎಲ್ಲರಿಗೂ ಗೊತ್ತು, ಆದರೆ ಕಥೆಯ ಕಾರಣ ಯಾರಿಗೂ ಗೊತ್ತಿಲ್ಲ. ಮುಂಭಾಗದ ಆಯಿಲ್ ಸೀಲ್ ಸೋರುತ್ತಿದೆಯೆಂದು ನಾನೂ ಹೀಗೆಯೇ ಒಂದಿಡೀ ದಿನ ಆ ಬೋಲ್ಟ್‌ನೊಂದಿಗೆ ಗುದ್ದಾಡಿದೆ. ಸಂಜೆಯ ಹೊತ್ತಿಗೆ ಗುಂಡು ಹೊಡೆದಂತೆ ಟಪ್ಪೆಂಬ ಸದ್ದಿನೊಂದಿಗೆ ಅದು ಬಿಟ್ಟುಕೊಟ್ಟಾಗ ನನಗೆ ಆದ ಹೆಮ್ಮೆ ಅಷ್ಟಿಷ್ಟಲ್ಲ. ಸೀಲ್ ಹಾಕಿದೆ, ಪುಲ್ಲಿ ಕೂರಿಸಿದೆ, ಗಿಡ್ಡ ಹಿಡಿಯ ಪಾನದಿಂದ, ಎಂದರೆ ಸ್ಪ್ಯಾನರಿನಿಂದ, ಕೈಲಾದಷ್ಟು ಬಿಗಿದೆ. ವಾಷರ್ ಕೂರುವ ಜಾಗದಲ್ಲಿ ತುಕ್ಕು ಇತ್ತು, ಒರೆಸಲಿಲ್ಲ. ಬೋಲ್ಟ್‌ನ ಥ್ರೆಡ್ಡಿನಲ್ಲಿ ಮಣ್ಣು ಹಿಡಿದಿತ್ತು, ತೊಳೆಯಲಿಲ್ಲ. ಬಿಚ್ಚಲು ಇಷ್ಟು ಬಲ ಬೇಕಾಯಿತಲ್ಲ, ಬಿಗಿಯಲೂ ಅಷ್ಟೇ ಬೇಕಾಗಬಹುದು ಎಂಬ ಸರಳ ಲೆಕ್ಕ ಆ ಹೊತ್ತಿನಲ್ಲಿ ನನ್ನ ತಲೆಗೆ ಹೊಳೆಯಲೇ ಇಲ್ಲ.

ಕೆಲವು ವಾರ ಏನೂ ಆಗಲಿಲ್ಲ. ಆಮೇಲೆ ಕಾರು ನಿಂತಲ್ಲೇ ಎಂಜಿನ್ ಓಡುವಾಗ ಮುಂಭಾಗದಿಂದ ಸಣ್ಣಗೆ ಟಿಕ್ ಟಿಕ್ ಎನ್ನುವ ಸದ್ದು ಶುರುವಾಯಿತು, ಮತ್ತು ನಾನು ಅದನ್ನು ಆಲ್ಟರ್ನೇಟರ್ ಬೆಲ್ಟಿನ ತಲೆಗೆ ಕಟ್ಟಿದೆ. ಒಂದು ದಿನ ಏರು ರಸ್ತೆಯಲ್ಲಿ ಎಂಜಿನ್ನಿನ ಶಕ್ತಿ ಉಡುಗಿ ಕಾರು ನಿಂತೇಬಿಟ್ಟಿತು. ತಂಗಿ, ಹಿಂದಿನ ಸೀಟಿನಲ್ಲಿ ನೀನೂ ಇದ್ದೆ. ಬಿಚ್ಚಿ ನೋಡಿದರೆ ಪುಲ್ಲಿಯನ್ನೂ ಟೈಮಿಂಗ್ ಗೇರನ್ನೂ ಕ್ರ್ಯಾಂಕ್ ಶಾಫ್ಟಿನ ಮೂತಿಗೆ ಹೊಂದಿಸುವ ಆ ಪುಟ್ಟ ಕೀ ಅರ್ಧ ತುಂಡಾಗಿತ್ತು, ಅದು ಕೂರುವ ಸೀಳು ಬಡಿದು ಬಡಿದು ಅಗಲವಾಗಿತ್ತು. ಹೊಸ ಕೀ ಹಾಕಿದರೆ ಅದು ಅಲ್ಲಾಡುತ್ತಿತ್ತು. ವಾಲ್ವ್‌ಗಳು ಪಿಸ್ಟನ್ನಿಗೆ ಬಡಿಯಲಿಲ್ಲ ಎಂಬುದೊಂದೇ ಪುಣ್ಯ. ಒಂದು ಬೋಲ್ಟ್ ಸರಿಯಾಗಿ ಬಿಗಿಯದ ತಪ್ಪಿಗೆ ಇಡೀ ಎಂಜಿನ್ ಇಳಿಸಿ ಕ್ರ್ಯಾಂಕ್ ಶಾಫ್ಟನ್ನೇ ಬದಲಾಯಿಸಬೇಕಾಯಿತು.

ಪುಲ್ಲಿಯನ್ನು ಹಿಡಿದಿಡುವುದು ಕೀ ಎಂದು ನಾನು ತಿಳಿದಿದ್ದೆ, ಈಗಲೂ ಬಹಳ ಜನ ಹಾಗೆಯೇ ತಿಳಿದಿದ್ದಾರೆ. ಕೀ ಇರುವುದು ಗೇರ್ ಸರಿಯಾದ ಸ್ಥಾನದಲ್ಲಿ ಕೂರಲಿ ಎಂದು ಮಾತ್ರ. ಬೋಲ್ಟ್ ಅದುಮಿ ಹಿಡಿದಾಗ ಲೋಹಕ್ಕೆ ಲೋಹ ಒತ್ತಿಕೊಂಡು ಹುಟ್ಟುವ ಘರ್ಷಣೆಯೇ ಎಲ್ಲ ಭಾರವನ್ನೂ ಹೊರುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ 6000 ಬಾರಿ ಸಿಡಿಯುತ್ತದೆ. ಬೋಲ್ಟಿನ ಹಿಡಿತ ಸಡಿಲವಾದರೆ ಆ ಪ್ರತಿಯೊಂದು ಏಟೂ ಸುತ್ತಿಗೆಯಂತೆ ಕೀ ಮೇಲೆಯೇ ಬೀಳುತ್ತದೆ. ಆದ್ದರಿಂದ ಇನ್ನೊಮ್ಮೆ ಹೇಳುತ್ತೇನೆ, ಬಿಚ್ಚಿದ ಸಂತೋಷದಲ್ಲಿ ಅಂದಾಜಿಗೆ ಬಿಗಿಯಬೇಡ. ಚಕ್ರದ ನಟ್ಟಿಗೆ ಸಾಮಾನ್ಯವಾಗಿ 100 ನ್ಯೂಟನ್ ಮೀಟರ್ ಆಸುಪಾಸಿನ ಬಿಗಿ ಸಾಕು. ಹೋಂಡಾದ ಕೆ ಸರಣಿಯ ಕೆಲವು ಎಂಜಿನ್‌ಗಳಲ್ಲಿ ಈ ಬೋಲ್ಟಿಗೆ 245 ಬೇಕು. ಎಂದರೆ ಒಂದು ಮೀಟರ್ ಉದ್ದದ ಹಿಡಿಯ ತುದಿಗೆ 25 ಕಿಲೋ ತೂಕ ನೇತುಹಾಕಿದಂತೆ, ಅರ್ಧ ಮೀಟರಿನ ಹಿಡಿಯಾದರೆ 50 ಕಿಲೋ. ಗಿಡ್ಡ ಪಾನಕ್ಕೂ ಮಣಿಕಟ್ಟಿನ ಬಲಕ್ಕೂ ಇದು ಎಟುಕುವ ಮಾತೇ ಅಲ್ಲ.

ಆಗಲೇ ನಾನೊಂದು ಒಳ್ಳೆಯ ಟಾರ್ಕ್ ರೆಂಚ್ ಕೊಂಡೆ, ಗುರುತಿಟ್ಟಷ್ಟು ಬಿಗಿಯಾದೊಡನೆ ಟಿಕ್ ಎನ್ನುವಂಥದ್ದು. ಅದು ಈಗ ಎಲ್ಲಿದೆ ಎಂದು ಯಾರೂ ಕೇಳುವುದಿಲ್ಲ, ಆದ್ದರಿಂದ ನಾನೇ ಹೇಳುತ್ತೇನೆ. ನಮ್ಮ ಷಡ್ಡಕರು ಎರಡು ದಿನಕ್ಕೆಂದು ಒಯ್ದವರು ಒಂದು ವರ್ಷ ಇಟ್ಟುಕೊಂಡರು, ಬಿಗಿಯುವ ಸಾಧನದಿಂದ ತುಕ್ಕು ಹಿಡಿದ ಬೋಲ್ಟ್ ಬಿಚ್ಚಿದರು, ಅದಕ್ಕೆ ಪೈಪು ತೊಡಿಸಿ ಮೇಲೆ ಕಾಲಿಟ್ಟರಂತೆ. ಕೆಲಸ ಮುಗಿದ ಮೇಲೆ ಅದರ ಮಾಪನವನ್ನು ತೀರ ಕೆಳಗಿನ ಗುರುತಿಗೆ ಇಳಿಸಿಡಬೇಕು, ಇಲ್ಲದಿದ್ದರೆ ಒಳಗಿನ ಸ್ಪ್ರಿಂಗ್ ಸೋಲುತ್ತದೆ ಎಂದು ಹೇಳಿಯೇ ಕೊಟ್ಟಿದ್ದೆ. ಮರಳಿ ಬಂದಾಗ ಅದು ಕೊನೆಯ ಗುರುತಿನಲ್ಲೇ ನಿಂತಿತ್ತು, ಅಂದಿನಿಂದ ಅದು ಟಿಕ್ ಎಂದರೂ ನನಗೆ ನಂಬಿಕೆಯಿಲ್ಲ. ಅವರೂ ಈ ಗುಂಪಿನಲ್ಲಿದ್ದಾರೆ, ಕೇಳಿಸಿಕೊಳ್ಳಲಿ. ಮದುವೆ ಮನೆಗಳಲ್ಲಿ ನಾನು ಕಾರು ಕೆಡಿಸಿದ ಕಥೆಯನ್ನು ನಗುತ್ತ ಹೇಳುವವರು ರೆಂಚ್ ಕೆಡಿಸಿದ ಕಥೆಯನ್ನು ಮಾತ್ರ ಹೇಳುವುದಿಲ್ಲ.

ಇರಲಿ, ಬಿಚ್ಚುವುದು ಹೇಗೆ ಎಂಬುದಕ್ಕೆ ಬರುತ್ತೇನೆ. ಇನ್ನು ಮುಂದಿನದು ಅಳಿಯನಿಗೆ. ನೋಡಪ್ಪಾ, ಸೆಲ್ಫ್ ಹೊಡೆಯುವ ಉಪಾಯವನ್ನು ಬಿಟ್ಟುಬಿಡು. ಹಿಡಿ ಜಾರಿದರೆ ಕೈಯನ್ನೋ ರೇಡಿಯೇಟರನ್ನೋ ಒಡೆಯುತ್ತದೆ, ಅಲ್ಲದೆ ಹೋಂಡಾದ ಹಳೆಯ ಕೆಲವು ಎಂಜಿನ್‌ಗಳು ತಿರುಗುವುದೇ ಉಲ್ಟಾ, ಅವುಗಳಲ್ಲಿ ಸೆಲ್ಫ್ ಹೊಡೆದರೆ ಬೋಲ್ಟ್ ಇನ್ನಷ್ಟು ಬಿಗಿಯಾಗುತ್ತದೆ. ಕೈಪಿಡಿಯಲ್ಲಿ ಕೀ ಇದೆಯೇ ಎಂದು ಮೊದಲು ನೋಡು. ಫೋರ್ಡಿನ ಕೆಲವು ಎಂಜಿನ್‌ಗಳಲ್ಲಿ ಕೀ ಇರುವುದೇ ಇಲ್ಲ, ಅಲ್ಲಿ ಬೋಲ್ಟ್ ಸಡಿಲಿಸಿದ ಕ್ಷಣ ಟೈಮಿಂಗ್ ತಪ್ಪುತ್ತದೆ. ಅಂಥದ್ದಾದರೆ ಎಂಜಿನ್ನನ್ನು ಸರಿಯಾದ ಸ್ಥಾನದಲ್ಲಿ ಹಿಡಿದಿಡುವ ಟೈಮಿಂಗ್ ಪಿನ್ನುಗಳಿಲ್ಲದೆ ಕೈಹಾಕಬೇಡ, ಆ ಪಿನ್ನುಗಳ ಮೇಲೆಯೇ ಬಲ ಬಿಟ್ಟೂ ಎಳೆಯಬೇಡ.

ಕೀ ಇದ್ದರೆ, ಕಾರನ್ನು ಜಾಕಿನ ಮೇಲಷ್ಟೇ ಬಿಡದೆ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಪುಲ್ಲಿಯ ರಂಧ್ರಗಳಿಗೆ ಸಿಕ್ಕುವ ಹಿಡಿಕೆಯಿಂದ ಅದನ್ನು ತಡೆ. ಹಿಡಿಕೆ ಸಿಗದಿದ್ದರೆ ಗೇರ್ ಹಾಕುವ ಕಾರಿನಲ್ಲಿ ಐದನೆಯ ಗೇರ್ ಹಾಕಿ, ಒಬ್ಬರು ಬ್ರೇಕ್ ಒತ್ತಿ ಕೂತರೂ ಆದೀತು. ಕ್ರ್ಯಾಂಕ್ ಶಾಫ್ಟಿನ ಇನ್ನೊಂದು ತುದಿಯ ದೊಡ್ಡ ಚಕ್ರವಾದ ಫ್ಲೈವೀಲಿನ ಹಲ್ಲಿಗೆ ಸ್ಕ್ರೂಡ್ರೈವರ್ ತುರುಕಬೇಡ. ಆರು ಮೂಲೆಯ ಸಾಕೆಟ್ ಹಾಕು, ಎಕ್ಸ್‌ಟೆನ್ಷನ್ನಿನ ಹೊರತುದಿಗೆ ಕೆಳಗಿನಿಂದ ಇನ್ನೊಂದು ಸ್ಟ್ಯಾಂಡಿನ ಆಸರೆ ಕೊಡು, ಉದ್ದನೆಯ ಪೈಪು ತೊಡಿಸಿ ಜಗ್ಗದೆ ಸಮನಾಗಿ ಒತ್ತಡ ಹೆಚ್ಚಿಸುತ್ತ ಎಳೆ. ಏಟು ಕೊಡುತ್ತ ತಿರುಗಿಸುವ ಇಂಪ್ಯಾಕ್ಟ್ ಗನ್ ಸಿಕ್ಕರೆ ಬಿಚ್ಚಲು ಬಳಸು, ಬಿಗಿಯಲು ಬೇಡ. ಬಿಗಿಯುವಾಗ ವಾಷರ್ ಕೂರುವ ಜಾಗವನ್ನು ಒರೆಸು, ಥ್ರೆಡ್ಡಿಗೆ ಎಣ್ಣೆ ಹಚ್ಚಬೇಕೇ ಬೇಡವೇ ಎಂಬುದನ್ನು ಕೈಪಿಡಿ ಹೇಳಿದಂತೆಯೇ ಮಾಡು, ಟಾರ್ಕ್ ಆದ ಮೇಲೆ ಇಂತಿಷ್ಟು ಡಿಗ್ರಿ ತಿರುಗಿಸು ಎಂದು ಬರೆದು ಹೊಸ ಬೋಲ್ಟ್ ಕೇಳಿದ್ದರೆ ಹಳೆಯದನ್ನು ಮತ್ತೆ ಹಾಕಬೇಡ.

ಪುಲ್ಲಿಯ ಫೋಟೋವನ್ನೂ ಎಂಜಿನ್ನಿನ ಮಾದರಿಯನ್ನೂ ಈಗಲೇ ಇಲ್ಲಿ ಹಾಕು, ನಾನು ನೋಡಿ ಹೇಳುವವರೆಗೆ ಪೈಪು ಮುಟ್ಟಬೇಡ. ತಂಗಿ, ಅವನು ಬ್ಯಾಟರಿಯ ನೆಗೆಟಿವ್ ತಂತಿ ಕಳಚಿದ್ದಾನೋ ಇಲ್ಲವೋ, ನೀನೇ ಹೋಗಿ ಒಮ್ಮೆ ನೋಡಿ ಬಾ.