ಸಹಾಯ ಬೇಕು: ತಮ್ಮನಿಗೆ ಸಿಸಿಸಿ ಕಂಪ್ಯೂಟರ್ ಕೋರ್ಸ್ ಮಾಡಿಸೋದಾ, ಡೇಟಾ ಎಂಟ್ರಿ ತರಬೇತಿಗೆ ಸೇರಿಸೋದಾ?

ಎಲ್ಲರಿಗೂ ನಮಸ್ಕಾರ. ನಮ್ಮದು ಸಿಂಧನೂರು ಹತ್ತಿರದ ಹಳ್ಳಿ, ಅವ್ವ ಭತ್ತದ ನಾಟಿ ಕೂಲಿಗೆ ಹೋಗ್ತಾಳೆ. ತಮ್ಮ ಬಿಎ ಮುಗಿಸಿ ವರ್ಷ ದಾಟಿತು. ಯುವನಿಧಿಯ 3,000 ರೂಪಾಯಿ ತಿಂಗಳಿಗೆ ಬರ್ತಿದೆ, ಆದ್ರೆ ಅದು ಎರಡೇ ವರ್ಷ. ಅಷ್ಟರೊಳಗೆ ಕೆಲಸ ಸಿಗಲೇಬೇಕು.

ಒಂದು ಸೆಂಟರ್‌ನಲ್ಲಿ 4,500 ಕಟ್ಟಿ ಮೂರು ತಿಂಗಳು ಕಂಪ್ಯೂಟರ್ ಕಲಿತ. ಒಂದು ಕಂಪ್ಯೂಟರ್‌ಗೆ ನಾಲ್ಕು ಹುಡುಗ್ರು, ಕರೆಂಟ್ ಹೋದ್ರೆ ಆ ದಿನದ ಕ್ಲಾಸೇ ಇಲ್ಲ. ಮೊನ್ನೆ ರಾಯಚೂರಲ್ಲಿ ಇಂಟರ್‌ವ್ಯೂಗೆ ಹೋದಾಗ ಎಕ್ಸೆಲ್‌ನಲ್ಲಿ ಬಿಲ್ಲಿನ ಪಟ್ಟಿ ಕೊಟ್ಟು ವಿ-ಲುಕಪ್ (ಪಟ್ಟಿಯಿಂದ ಬೇಕಾದ ಮಾಹಿತಿ ಹುಡುಕಿ ತರೋ ಸೂತ್ರ) ಹಾಕು ಅಂದ್ರಂತೆ. ಒಂದೊಂದೇ ಬೆರಳಲ್ಲಿ ಅಕ್ಷರ ಹುಡುಕ್ತಾ ಕೂತು, ಎದ್ದು ಬಂದಿದ್ದಾನೆ. ಅವತ್ತು ರಾತ್ರಿ ಊಟ ಮಾಡಲಿಲ್ಲ. ಸರ್ಟಿಫಿಕೇಟ್ ಯಾರೂ ಕೇಳಲೇ ಇಲ್ಲ.

ಮೊಬೈಲಲ್ಲಿ ನಾನೇ ಹೇಳಿಕೊಡೋಕೆ ನೋಡಿದೆ, ಆ ಸಣ್ಣ ಸ್ಕ್ರೀನಲ್ಲಿ ಆಗ್ತಿಲ್ಲ. ಈಗ ಕಾಣ್ತಿರೋದು ಎರಡೇ. ಕೇಂದ್ರ ಸರ್ಕಾರದ ನೈಲಿಟ್ ಸಂಸ್ಥೆಯ ಸಿಸಿಸಿ ಅಂದ್ರೆ ಕಂಪ್ಯೂಟರ್ ಬಳಕೆಯ ಮೊದಲ ಪಾಠಗಳ 80 ತಾಸಿನ ಕೋರ್ಸ್, ಸ್ವಂತವಾಗಿ ಓದಿಯೂ ಪರೀಕ್ಷೆ ಬರೀಬಹುದು, ಆದ್ರೆ ಪರೀಕ್ಷೆ ಆಬ್ಜೆಕ್ಟಿವ್, ಕೈ ಓಡುತ್ತಾ ಅನ್ನೋದನ್ನ ಅದು ನೋಡಲ್ಲ. ಇನ್ನೊಂದು ಪ್ರಧಾನಮಂತ್ರಿ ಕೌಶಲ್ ವಿಕಾಸ್ ಯೋಜನೆಯ ಡೇಟಾ ಎಂಟ್ರಿ ತರಬೇತಿ. ಅದಕ್ಕೆ ಫೀಸಿಲ್ಲ, ಆದ್ರೆ ದಿನಾ ಬಸ್ಸಿಗೆ ಹೋಗಬೇಕು.

ರಾಯಚೂರು, ಬಳ್ಳಾರಿ, ಕಲಬುರಗಿ ಕಡೆ ಇವನ್ನ ಮಾಡಿದವರು ಹೇಳಿ: ಬಿಲ್ಲಿಂಗ್, ಡೇಟಾ ಎಂಟ್ರಿ ಕೆಲಸಕ್ಕೆ ತಗೊಳ್ಳೋರು ಯಾವುದನ್ನ ಲೆಕ್ಕಕ್ಕೆ ತಗೊಳ್ತಾರೆ? ತರಬೇತೀಲಿ ದಿನಕ್ಕೆ ಎಷ್ಟು ಹೊತ್ತು ಕಂಪ್ಯೂಟರ್ ಕೈಗೆ ಸಿಗುತ್ತೆ?